ಹಳೆ ಮನೆ ಕೆಡವಿ ದೊಡ್ಡ ಮನೆ ಕಟ್ಟುವಾಗ: ತಕರಾರುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಕ್ಕದ ಹಳೆ ಮನೆ ಮಾರಾಟವಾಗಿದೆ. ಕೊಂಡವರು ಅದನ್ನು ಕೆಡವಿ ಎರಡರಷ್ಟು ದೊಡ್ಡ ಮನೆ ಕಟ್ಟಲು ಅರ್ಜಿ ಹಾಕಿದ್ದಾರೆ. ನಿಮ್ಮ ಅಡುಗೆಮನೆ ಕಿಟಕಿಗೆ ಬರುವ ಬೆಳಕು ಹೋಗಿಬಿಡುತ್ತದೇನೋ ಅನ್ನುವ ಚಿಂತೆ ಶುರುವಾಗಿದೆ. ಅಥವಾ ಅರ್ಜಿ ಹಾಕಿದವರು ನೀವೇ. ಮಕ್ಕಳು ದೊಡ್ಡವರಾದರು, ವಯಸ್ಸಾದ ಅಪ್ಪ ಅಮ್ಮ ಜೊತೆಗೆ ಬಂದರು, ಇರುವ ಮನೆ ಸಾಲುತ್ತಿಲ್ಲ. ನಕ್ಷೆ ಕೊಟ್ಟ ದಿನದಿಂದ ಬೀದಿಯಲ್ಲಿ ಯಾರೂ ಸರಿಯಾಗಿ ಮಾತಾಡುತ್ತಿಲ್ಲ.

ಎರಡೂ ಕಡೆಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಕಾನೂನು ಎಲ್ಲ ಕಡೆ ಒಂದೇ ಅಲ್ಲ. ಹಾಗಾಗಿ ಉದಾಹರಣೆ ಕೊಟ್ಟಲ್ಲೆಲ್ಲ ಅದು ಯಾವ ದೇಶದ್ದು ಅಂತ ಹೇಳಿದ್ದೇನೆ. ನಿಮ್ಮಲ್ಲಿನ ನಿಯಮವನ್ನು ನೀವೇ ತೆಗೆದು ನೋಡಬೇಕು. ಆದರೆ ಒಂದು ವಿಷಯ ಎಲ್ಲ ಕಡೆಯೂ ನಿಜ. "ತೀರಾ ದೊಡ್ಡದು" ಅನ್ನುವ ಒಂದೇ ಮಾತಿನ ಮೇಲೆ ನಿಂತ ಜಗಳ ಬಗೆಹರಿಯುವುದಿಲ್ಲ. ಯಾವ ಕಿಟಕಿ, ಎಷ್ಟು ಗಂಟೆಯ ಬಿಸಿಲು, ಗಡಿಯಿಂದ ಎಷ್ಟು ಅಡಿ ಅಂತ ಮಾತು ಶುರುವಾದರೆ ದಾರಿ ಸಿಗುತ್ತದೆ.

ನನ್ನ ಜಾಗ, ನನ್ನ ದುಡ್ಡು. ಎಷ್ಟು ದೊಡ್ಡದು ಕಟ್ಟಿದರೆ ಬೇರೆಯವರಿಗೇನು?

ಈ ಪ್ರಶ್ನೆ ಹೊಸದಲ್ಲ. ನೂರು ವರ್ಷದ ಹಿಂದೆಯೇ ಕೋರ್ಟಿಗೆ ಹೋಗಿದೆ. ನ್ಯೂಯಾರ್ಕಿನಲ್ಲಿ 1915ರಲ್ಲಿ ಎದ್ದ ಇಕ್ವಿಟಬಲ್ ಬಿಲ್ಡಿಂಗ್ ಸುತ್ತಲಿನ ಬೀದಿಗಳ ಮೇಲೆ ದೊಡ್ಡ ನೆರಳು ಚೆಲ್ಲಿತು. ಮರುವರ್ಷ, 1916ರಲ್ಲಿ, ಆ ನಗರ ಕಟ್ಟಡಗಳ ಎತ್ತರ ಮತ್ತು ಆಕಾರಕ್ಕೆ ಮಿತಿ ಹಾಕುವ ನಿಯಮ ತಂದಿತು. 1926ರಲ್ಲಿ ಯೂಕ್ಲಿಡ್ ಎಂಬ ಊರಿನ ಪ್ರಕರಣದಲ್ಲಿ, ಇಂಥ ನಿಯಮ ಮಾಡುವ ಹಕ್ಕು ಸ್ಥಳೀಯ ಆಡಳಿತಕ್ಕೆ ಇದೆ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಇಂಗ್ಲೆಂಡ್ ಇನ್ನೂ ಮುಂದೆ ಹೋಯಿತು. 1947ರ ಕಾಯ್ದೆಯಿಂದ ಅಲ್ಲಿ ಜಮೀನು ನಿಮ್ಮದೇ ಆಗಿದ್ದರೂ ಅದರ ಮೇಲೆ ಹೊಸದಾಗಿ ಕಟ್ಟಲು ಅನುಮತಿ ಬೇಕು.

ಇದರ ಹಿಂದಿನ ಕಾರಣ ಸರಳ. ಮನೆ ನಿಮ್ಮ ಸೈಟಿನೊಳಗೇ ಇರುತ್ತದೆ. ಅದರ ನೆರಳು, ಅದರ ಕಿಟಕಿಯಿಂದ ಕಾಣುವ ನೋಟ, ಅದರ ತಾರಸಿಯಿಂದ ಇಳಿಯುವ ಮಳೆನೀರು ಸೈಟಿನೊಳಗೆ ನಿಲ್ಲುವುದಿಲ್ಲ. ಗಡಿ ದಾಟಿ ಹೋಗುವುದರ ಬಗ್ಗೆ ಪಕ್ಕದವರು ಕೇಳುತ್ತಾರೆ. ಕೇಳಬೇಕು ಕೂಡ.

ಇರುವ ಮನೆಯನ್ನೇ ವಿಸ್ತರಿಸಬಹುದಲ್ವಾ? ಯಾಕೆ ಪೂರ್ತಿ ಕೆಡವುತ್ತಾರೆ?

ಎಷ್ಟೋ ಕಡೆ ಜಾಗದ ಬೆಲೆ ಏರಿ ಮೇಲಿರುವ ಮನೆಗೆ ಬೆಲೆಯೇ ಇಲ್ಲದಂತಾಗಿದೆ. ಕೊಳ್ಳುವವರು ಮನೆಯನ್ನು ನೋಡುವುದಿಲ್ಲ, ಸೈಟನ್ನು ನೋಡುತ್ತಾರೆ. ಜೊತೆಗೆ ಜನರ ನಿರೀಕ್ಷೆಯೂ ಬೆಳೆದಿದೆ. ಅಮೆರಿಕದಲ್ಲಿ ಹೊಸ ಮನೆಯ ಸರಾಸರಿ ವಿಸ್ತೀರ್ಣ 1973ರಲ್ಲಿ 1,660 ಚದರ ಅಡಿ ಇತ್ತು. 2015ಕ್ಕೆ ಅದು 2,687 ಆಯಿತು.

ತೆರಿಗೆಯೂ ಒಂದು ಕಾರಣ. ಬ್ರಿಟನ್ನಿನಲ್ಲಿ ಹೊಸ ಮನೆ ಕಟ್ಟುವ ಕೆಲಸಕ್ಕೆ ವ್ಯಾಟ್ ಸೊನ್ನೆ. ಹಳೆ ಮನೆ ದುರಸ್ತಿ, ವಿಸ್ತರಣೆಗೆ ಸಾಮಾನ್ಯವಾಗಿ 20%. ಅಂದರೆ ಉಳಿಸಿಕೊಳ್ಳುವವರಿಗೆ ಹೊರೆ, ಕೆಡವುವವರಿಗೆ ರಿಯಾಯಿತಿ. ಇದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಇಟ್ಟಿಗೆ, ಸಿಮೆಂಟು, ಕಬ್ಬಿಣ ತಯಾರಿಸುವಾಗ ಹೊರಬಿದ್ದ ಹೊಗೆ ಈಗಾಗಲೇ ಗಾಳಿ ಸೇರಿದೆ. ಗಟ್ಟಿಯಾಗಿ ನಿಂತಿರುವ ಗೋಡೆಯನ್ನು ಉರುಳಿಸಿ ಅದನ್ನೇ ಮತ್ತೆ ಕಟ್ಟಿದರೆ ಅಷ್ಟೂ ಹೊಗೆಯನ್ನು ಇನ್ನೊಮ್ಮೆ ಬಿಟ್ಟ ಹಾಗೆ. ಹಾಗಂತ ಎಲ್ಲ ಹಳೆ ಮನೆಯನ್ನೂ ಉಳಿಸಲು ಆಗುವುದಿಲ್ಲ. ಪಾಯ ಕುಸಿದಿದ್ದರೆ, ಗೋಡೆಗೆ ಮೇಲಿನ ಮಹಡಿ ಹೊರುವ ಶಕ್ತಿ ಇಲ್ಲದಿದ್ದರೆ ಕೆಡವುವುದೇ ಸರಿ. ಎಂಜಿನಿಯರ್ ಹತ್ತಿರ ಪಾಯ ಮತ್ತು ಗೋಡೆ ಪರೀಕ್ಷೆ ಮಾಡಿಸಿ, ಆಮೇಲೆ ನಿರ್ಧಾರ ಮಾಡಿ. ಅರ್ಜಿಯ ಜೊತೆ ಆ ವರದಿ ಇಟ್ಟರೆ ಅರ್ಧ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ.

"ತೀರಾ ದೊಡ್ಡದು" ಅನ್ನುವುದನ್ನು ಅಧಿಕಾರಿಗಳು ಹೇಗೆ ಅಳೆಯುತ್ತಾರೆ?

ಹೆಚ್ಚಿನ ಕಡೆ ಬಳಸುವುದು ಫ್ಲೋರ್ ಏರಿಯಾ ರೇಶಿಯೋ, ಅಂದರೆ ಎಫ್‌ಎಆರ್. ಎಲ್ಲ ಮಹಡಿಗಳ ವಿಸ್ತೀರ್ಣ ಸೇರಿಸಿ ಸೈಟಿನ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 4,000 ಚದರ ಅಡಿ ಸೈಟಿಗೆ ಎಫ್‌ಎಆರ್ 0.5 ಇದ್ದರೆ ಒಟ್ಟು 2,000 ಚದರ ಅಡಿ ಕಟ್ಟಬಹುದು.

ಅಮೆರಿಕದ ಆಸ್ಟಿನ್ ನಗರ 2006ರಲ್ಲಿ ಇಂಥ ಜಗಳಗಳಿಗಾಗಿಯೇ ಒಂದು ನಿಯಮ ತಂದಿತು. ಜನ ಅದನ್ನು "ಮ್ಯಾಕ್‌ಮ್ಯಾನ್ಷನ್ ನಿಯಮ" ಅಂತಲೇ ಕರೆದರು. ಸುತ್ತಲಿನ ಮನೆಗಳಿಗೆ ಹೊಂದದಷ್ಟು ದೊಡ್ಡ ಮನೆಯನ್ನು ಅಲ್ಲಿ ಅಣಕವಾಗಿ ಹಾಗೆ ಕರೆಯುತ್ತಾರೆ. ಎಫ್‌ಎಆರ್ 0.4 ಅಥವಾ 2,300 ಚದರ ಅಡಿ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದು ಮಿತಿ. ಸಣ್ಣ ಸೈಟಿನವರಿಗೂ ಒಂದು ಸಂಸಾರಕ್ಕೆ ಸಾಕಾಗುವಷ್ಟು ಮನೆ ಸಿಗಲಿ ಅನ್ನುವ ಯೋಚನೆ ಅದರಲ್ಲಿದೆ. ಲಾಸ್ ಏಂಜಲೀಸ್ 2008ರಲ್ಲಿ ಇಂಥದ್ದೇ ನಿಯಮ ಮಾಡಿತು. ಆದರೆ ಅದರಲ್ಲಿ ಹೆಚ್ಚುವರಿ ವಿಸ್ತೀರ್ಣ ಪಡೆಯುವ ರಿಯಾಯಿತಿಗಳು ಇದ್ದವು. ಕಟ್ಟುವವರು ಅವನ್ನು ಬಳಸಿಕೊಂಡು ಮತ್ತೆ ದೊಡ್ಡ ಮನೆಗಳನ್ನೇ ಎಬ್ಬಿಸಿದರು. 2017ರಲ್ಲಿ ನಗರ ನಿಯಮವನ್ನು ಬಿಗಿ ಮಾಡಬೇಕಾಯಿತು.

ಎಫ್‌ಎಆರ್ ಒಂದನ್ನೇ ನೋಡಿದರೆ ಸಾಲದು. ಒಂದೇ ವಿಸ್ತೀರ್ಣದ ಎರಡು ಮನೆ ಪಕ್ಕದವರಿಗೆ ಬೇರೆ ಬೇರೆ ಥರ ಕಾಣಬಹುದು. ಒಂದರ ಗೋಡೆ ಗಡಿಯ ಪಕ್ಕದಲ್ಲೇ ನೆಟ್ಟಗೆ ಏರಿದೆ. ಇನ್ನೊಂದರ ಮೇಲಿನ ಮಹಡಿ ಹಿಂದೆ ಸರಿದಿದೆ. ನ್ಯೂಜಿಲೆಂಡಿನ ಆಕ್ಲೆಂಡ್ ನಗರ ಇದನ್ನು ಇಳಿಜಾರು ಗೆರೆಯಿಂದ ಅಳೆಯುತ್ತದೆ. ಒಂಟಿ ಮನೆಗಳ ವಲಯದಲ್ಲಿ ಗಡಿಯ ಮೇಲೆ 2.5 ಮೀಟರ್ ಎತ್ತರ ಹೋಗಿ, ಅಲ್ಲಿಂದ 45 ಡಿಗ್ರಿಯಲ್ಲಿ ಒಳಮುಖವಾಗಿ ಗೆರೆ ಎಳೆಯಬೇಕು. ಮನೆ ಆ ಗೆರೆಯ ಕೆಳಗೇ ಇರಬೇಕು. ನನ್ನನ್ನು ಕೇಳಿದರೆ ಇದು ಬರಿಯ ಎಫ್‌ಎಆರ್‌ಗಿಂತ ಒಳ್ಳೆಯ ಅಳತೆ. ಪಕ್ಕದವರ ಕಿಟಕಿಯಿಂದ ಕಾಣುವುದನ್ನೇ ನೇರವಾಗಿ ಅಳೆಯುತ್ತದೆ.

ಇಂಗ್ಲೆಂಡಿನ ಗ್ರೀನ್ ಬೆಲ್ಟ್‌ನಲ್ಲಿ, ಅಂದರೆ ನಗರಗಳ ಸುತ್ತ ಬೆಳವಣಿಗೆ ತಡೆಯಲು ಬಿಟ್ಟ ಹಸಿರು ಜಾಗದಲ್ಲಿ, ರಾಷ್ಟ್ರೀಯ ನೀತಿ ಬೇರೆ ಮಾತು ಬಳಸುತ್ತದೆ. ಹೊಸ ಕಟ್ಟಡದ ಬಳಕೆ ಹಳೆಯದ್ದೇ ಆಗಿರಬೇಕು, ಗಾತ್ರದಲ್ಲಿ ಅದಕ್ಕಿಂತ "ಗಣನೀಯವಾಗಿ ದೊಡ್ಡದು" ಆಗಿರಬಾರದು. ಗಣನೀಯ ಅಂದರೆ ಎಷ್ಟು ಅಂತ ಆ ನೀತಿ ಸಂಖ್ಯೆ ಕೊಡುವುದಿಲ್ಲ. ಜಗಳ ಹುಟ್ಟುವುದೇ ಆ ಪದದಲ್ಲಿ. ಕೆಲವು ಕೌನ್ಸಿಲ್‌ಗಳು ತಮ್ಮ ಯೋಜನೆಯಲ್ಲಿ ಶೇಕಡಾವಾರು ಮಿತಿ ಬರೆದುಕೊಂಡಿವೆ. ಬರೆದುಕೊಳ್ಳದ ಕಡೆ ಅಡಿ, ಘನ ಅಡಿ, ಎತ್ತರ ಎಲ್ಲ ಲೆಕ್ಕ ಹಾಕಿ ವಾದ ನಡೆಯುತ್ತದೆ. ಅಲ್ಲಿ ಅರ್ಜಿದಾರರು ಇನ್ನೊಂದು ವಾದವನ್ನೂ ತರುತ್ತಾರೆ: "ಹಳೆ ಮನೆಗೆ ಅನುಮತಿಯೇ ಇಲ್ಲದೆ ಇಷ್ಟು ವಿಸ್ತರಣೆ ಮಾಡುವ ಹಕ್ಕು ನನಗಿದೆ. ಹೊಸ ಮನೆ ಅದಕ್ಕಿಂತ ದೊಡ್ಡದೇನಲ್ಲ." ಈ ಮಾತಿಗೆ ತೂಕ ಇದೆ. ಆದರೆ ಅವರು ನಿಜವಾಗಿಯೂ ಹಾಗೆ ವಿಸ್ತರಿಸುವ ಸಾಧ್ಯತೆ ಇದೆಯೇ ಅಂತ ಕೇಳುವುದು ನಿಮ್ಮ ಹಕ್ಕು.

ನಮ್ಮ ಮನೆಗೆ ಬಿಸಿಲು ಬರುವುದು ನಿಂತರೆ?

ಆಕ್ಷೇಪಣೆಗಳಲ್ಲಿ ಅತಿ ಗಟ್ಟಿಯಾದದ್ದು ಇದೇ. ಅತಿ ಕೆಟ್ಟದಾಗಿ ಬರೆಯುವುದೂ ಇದನ್ನೇ. ಮೊದಲು ಬಿಸಿಲು ಬೇರೆ, ಬೆಳಕು ಬೇರೆ ಅಂತ ತಿಳಿದುಕೊಳ್ಳಿ. ಬಿಸಿಲು ಸೂರ್ಯನಿಂದ ನೇರ ಬೀಳುವುದು. ಬೆಳಕು ಇಡೀ ಆಕಾಶದಿಂದ ಬರುವುದು, ಮೋಡ ಕವಿದಾಗಲೂ ಇರುವುದು. ಸೂರ್ಯ ಹಾಯದ ದಿಕ್ಕಿನ ಕಿಟಕಿಗೆ ಬಿಸಿಲಿನ ವಾದ ನಿಲ್ಲುವುದಿಲ್ಲ. ಬೆಳಕಿನ ವಾದ ನಿಲ್ಲುತ್ತದೆ.

ನೆರಳಿನ ಲೆಕ್ಕ ಮನೆಯಲ್ಲೇ ಮಾಡಬಹುದು. ಲಂಡನ್ನಿನಲ್ಲಿ ಡಿಸೆಂಬರ್ 21ರ ಸುಮಾರಿಗೆ ನಡುಮಧ್ಯಾಹ್ನವೂ ಸೂರ್ಯ ಸುಮಾರು 15 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. 5 ಮೀಟರ್ ಎತ್ತರದ ಹಳೆ ಮನೆಯ ನೆರಳು ಆಗ ಸುಮಾರು 19 ಮೀಟರ್ ಹೋಗುತ್ತದೆ. ಅದೇ ಜಾಗದಲ್ಲಿ 8 ಮೀಟರ್ ಮನೆ ಎದ್ದರೆ ನೆರಳು ಸುಮಾರು 30 ಮೀಟರ್. ಸೂರ್ಯ 45 ಡಿಗ್ರಿಯಲ್ಲಿದ್ದಾಗ ಅದೇ ನೆರಳು 5 ಮೀಟರಿಂದ 8 ಮೀಟರಿಗೆ ಬೆಳೆಯುತ್ತದೆ ಅಷ್ಟೇ. ಆದ್ದರಿಂದ ನೀವಿರುವ ಜಾಗ ಭೂಮಧ್ಯ ರೇಖೆಯಿಂದ ಎಷ್ಟು ದೂರ, ಯಾವ ತಿಂಗಳು, ಎಷ್ಟು ಹೊತ್ತು ಅನ್ನುವುದನ್ನು ಬಿಟ್ಟು ನೆರಳಿನ ಮಾತಾಡಬಾರದು.

ಬ್ರಿಟನ್ನಿನಲ್ಲಿ ಬಿಆರ್‌ಇ ಸಂಸ್ಥೆಯ ಕೈಪಿಡಿಯನ್ನು ಎಲ್ಲರೂ ಬಳಸುತ್ತಾರೆ. ನಿಮ್ಮ ಕೆಳಮಹಡಿ ಕಿಟಕಿಯ ನಡುವಿನಿಂದ ಮೇಲ್ಮುಖವಾಗಿ 25 ಡಿಗ್ರಿ ಗೆರೆ ಎಳೆದಾಗ ಎದುರಿನ ಹೊಸ ಕಟ್ಟಡ ಆ ಗೆರೆ ದಾಟದಿದ್ದರೆ ಬೆಳಕಿಗೆ ದೊಡ್ಡ ತೊಂದರೆ ಇಲ್ಲ ಅಂತ ಲೆಕ್ಕ. ದಾಟಿದರೆ ಮುಂದಿನ ಪರೀಕ್ಷೆ: ಕಿಟಕಿಗೆ ಸಿಗುವ ಆಕಾಶದ ಬೆಳಕು, ಯಾವ ಅಡ್ಡಿಯೂ ಇಲ್ಲದ ಬಯಲು ನೆಲಕ್ಕೆ ಸಿಗುವುದರ 27%ಕ್ಕಿಂತ ಕಡಿಮೆಯಾಗಿ, ಮೊದಲಿದ್ದದರ 0.8 ಪಾಲಿಗಿಂತಲೂ ಕೆಳಗಿಳಿದರೆ, ಒಳಗಿರುವವರಿಗೆ ಕತ್ತಲಾದದ್ದು ಗೊತ್ತಾಗುತ್ತದೆ. ಅಂಗಳಕ್ಕೂ ಅಳತೆ ಇದೆ. ಮಾರ್ಚ್ 21ರಂದು ಅಂಗಳದ ಅರ್ಧಕ್ಕಾದರೂ 2 ಗಂಟೆ ಬಿಸಿಲು ಸಿಗಬೇಕು. ಇವು ಕಾನೂನಲ್ಲ, ಮಾರ್ಗಸೂಚಿ. ಆದರೂ "ಕತ್ತಲಾಗುತ್ತದೆ" ಅನ್ನುವ ಬದಲು "27 ಇದ್ದದ್ದು 19ಕ್ಕೆ ಇಳಿಯುತ್ತದೆ" ಅಂತ ಬರೆದರೆ ಅಧಿಕಾರಿ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಬಿಸಿಲಿಗೆ ಅತಿ ಹೆಚ್ಚು ಬೆಲೆ ಕೊಟ್ಟ ದೇಶಗಳಲ್ಲಿ ಜಪಾನ್ ಒಂದು. ಪಕ್ಕದವರು ನಿಯಮ ಮೀರಿ ಕಟ್ಟಿದ ಮೇಲಿನ ಮಹಡಿಯಿಂದ ಬಿಸಿಲು, ಗಾಳಿ ನಿಂತವರಿಗೆ ಪರಿಹಾರ ಸಿಗಬೇಕು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1972ರಲ್ಲಿ ಹೇಳಿತು. 1976ರಲ್ಲಿ ನೆರಳಿನ ನಿಯಮವೇ ಕಟ್ಟಡ ಕಾಯ್ದೆಯೊಳಗೆ ಬಂತು. ವರ್ಷದ ಅತಿ ಚಿಕ್ಕ ಹಗಲಿನಂದು ಬೆಳಿಗ್ಗೆ 8ರಿಂದ ಸಂಜೆ 4ರವರೆಗೆ ಪಕ್ಕದ ಜಾಗದ ಮೇಲೆ ಎಷ್ಟು ಗಂಟೆ ನೆರಳು ಬೀಳುತ್ತದೆ ಅಂತ ನೋಡುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಮಯಾಮಿ ಬೀಚಿನಲ್ಲಿ ಒಂದು ಹೋಟೆಲ್ ಎಬ್ಬಿಸಿದ ಗೋಪುರದ ನೆರಳು ಪಕ್ಕದ ಹೋಟೆಲಿನ ಈಜುಕೊಳದ ಮೇಲೆ ಬಿತ್ತು. ಬಿಸಿಲಿಗೆ ಹಕ್ಕೇ ಇಲ್ಲ ಅಂತ 1959ರಲ್ಲಿ ಫ್ಲಾರಿಡಾದ ಕೋರ್ಟ್ ಹೇಳಿತು. 1982ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟ್ ಸ್ವಲ್ಪ ಬಾಗಿಲು ತೆರೆಯಿತು. ಪಕ್ಕದ ಹೊಸ ಮನೆಯ ನೆರಳು ತಾರಸಿಯ ಸೋಲಾರ್ ಉಪಕರಣದ ಮೇಲೆ ಬೀಳುವುದಾದರೆ ಅದನ್ನು ತೊಂದರೆ ಎಂದು ಕೋರ್ಟಿನಲ್ಲಿ ವಾದಿಸಬಹುದು ಅಂದಿತು. ಸೋಲಾರ್ ಹಾಕಿಸಿಕೊಂಡವರು ಇದನ್ನು ನೆನಪಿಡಿ. ಆಕ್ಷೇಪಣೆಯಲ್ಲಿ ಪ್ಯಾನೆಲ್ ಎಲ್ಲಿದೆ ಅಂತ ಚಿತ್ರ ಸಮೇತ ತೋರಿಸಿ.

ಅವರ ಮೇಲಿನ ಕಿಟಕಿ ನಮ್ಮ ಮಲಗುವ ಕೋಣೆಗೆ ನೇರ ಕಾಣುತ್ತದೆ. ಏನು ಕೇಳಬಹುದು?

ಎಲ್ಲ ತಕರಾರುಗಳಲ್ಲಿ ಸುಲಭವಾಗಿ ಬಗೆಹರಿಯುವುದು ಇದು. ಕಿಟಕಿಯನ್ನು ಬೇರೆ ಗೋಡೆಗೆ ಸರಿಸಬಹುದು. ಆಚೆ ಕಾಣದ ಮಸುಕು ಗಾಜು ಹಾಕಬಹುದು. ಕಿಟಕಿಯ ಕೆಳ ಅಂಚನ್ನು ಕಣ್ಣೆತ್ತರಕ್ಕಿಂತ ಮೇಲೆ ಇಡಬಹುದು. ಅನುಮತಿ ಇಲ್ಲದೆ ಮಾಡಬಹುದಾದ ವಿಸ್ತರಣೆಗಳಲ್ಲಿ ಕೂಡ ಇಂಗ್ಲೆಂಡಿನ ನಿಯಮ ಇದನ್ನೇ ಹೇಳುತ್ತದೆ: ಮೇಲಿನ ಮಹಡಿಯ ಪಕ್ಕದ ಕಿಟಕಿಗೆ ಮಸುಕು ಗಾಜು, ಕೋಣೆಯ ನೆಲದಿಂದ 1.7 ಮೀಟರ್ ಮೇಲಿನ ಭಾಗ ಮಾತ್ರ ತೆರೆಯುವಂತಿರಬೇಕು. "ಮನೆ ಬೇಡ" ಅನ್ನುವ ಬದಲು "ಈ ಎರಡು ಕಿಟಕಿಗೆ ಈ ಷರತ್ತು ಹಾಕಿ" ಅಂತ ಕೇಳಿ. ಕೊಡುವುದು ಅಧಿಕಾರಿಗೂ ಸುಲಭ, ಒಪ್ಪುವುದು ಕಟ್ಟುವವರಿಗೂ ಸುಲಭ. ಬಾಲ್ಕನಿ ಮತ್ತು ತಾರಸಿಯನ್ನು ಮರೆಯಬೇಡಿ. ನಕ್ಷೆಯಲ್ಲಿ ಅವು ಒಂದು ತೆಳು ಗೆರೆಯಷ್ಟೇ.

ಇಷ್ಟು ವರ್ಷ ಕಾಣುತ್ತಿದ್ದ ಬೆಟ್ಟ, ಕೆರೆ ಇನ್ನು ಕಾಣುವುದಿಲ್ಲ. ಇದಕ್ಕೆ ಹಕ್ಕಿಲ್ಲವೇ?

ಇಂಗ್ಲೆಂಡಿನಲ್ಲಿ ಇಲ್ಲ. ನೋಟಕ್ಕೆ ಹಕ್ಕಿಲ್ಲ ಅನ್ನುವ ತತ್ವ ಅಲ್ಲಿ 1610ರ ಒಂದು ತೀರ್ಪಿನಿಂದ ಬಂದಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಮಾತ್ರ ಬೇರೆ ದಾರಿ ಇದೆ. ಅಲ್ಲಿನ ಭೂಮಿ ಮತ್ತು ಪರಿಸರ ನ್ಯಾಯಾಲಯ 2004ರಲ್ಲಿ ನೋಟವನ್ನು ಹಂಚಿಕೊಳ್ಳುವ ಬಗ್ಗೆ ನಾಲ್ಕು ಹಂತದ ಪರೀಕ್ಷೆ ಕೊಟ್ಟಿತು. ಮೊದಲು, ಏನು ಕಾಣುತ್ತಿತ್ತು? ನೀರು ಕಾಣುವ ನೋಟಕ್ಕೆ ತೂಕ ಜಾಸ್ತಿ. ಆಮೇಲೆ, ಮನೆಯ ಯಾವ ಭಾಗದಿಂದ ಕಾಣುತ್ತಿತ್ತು? ಪಕ್ಕದ ಗಡಿಯ ಮೇಲಿಂದ ಹಾಯ್ದು ಕಾಣುವ ನೋಟವನ್ನು ಉಳಿಸಿಕೊಳ್ಳುವುದು ಕಷ್ಟ. ಮೂರನೆಯದು, ಎಷ್ಟು ನಷ್ಟ? ಕೊನೆಗೆ, ಹೊಸ ಕಟ್ಟಡ ನಿಯಮದೊಳಗೆ ಇದೆಯೇ, ಸ್ವಲ್ಪ ಜಾಣತನದಿಂದ ವಿನ್ಯಾಸ ಮಾಡಿದ್ದರೆ ನೋಟ ಉಳಿಯುತ್ತಿತ್ತೇ? ಈ ಕೊನೆಯ ಪ್ರಶ್ನೆ ನನಗೆ ತುಂಬಾ ಇಷ್ಟ. ನಿಮ್ಮ ದೇಶದಲ್ಲಿ ನೋಟಕ್ಕೆ ಹಕ್ಕಿಲ್ಲದಿದ್ದರೂ ಪಕ್ಕದವರ ಜೊತೆ ಕೂತಾಗ ಇದನ್ನು ಕೇಳಬಹುದು.

ನಮ್ಮ ಮನೆಯ ಬೆಲೆ ಬೀಳುತ್ತದೆ ಅಂತ ಬರೆಯಬಹುದಾ?

ಬರೆಯಬಹುದು, ಉಪಯೋಗವಿಲ್ಲ. ಇಂಗ್ಲೆಂಡಿನಲ್ಲಿ ಸೇರಿದಂತೆ ಅನೇಕ ಕಡೆ ಇದನ್ನು ಪರಿಗಣಿಸುವುದೇ ಇಲ್ಲ.

ಆಕ್ಷೇಪಣೆ ಹೇಗೆ ಬರೆಯಬೇಕು?

ಮೊದಲು ಗಡುವು ನೋಡಿಕೊಳ್ಳಿ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 21 ದಿನ. ಐರ್ಲೆಂಡಿನಲ್ಲಿ ಅರ್ಜಿ ಬಂದ ದಿನದಿಂದ 5 ವಾರ. ಗಡುವು ಗೊತ್ತಾದ ದಿನವೇ ನಕ್ಷೆಗಳನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ನಕ್ಷೆ ತೆರೆದಾಗ ಮುಂದಿನಿಂದ ಕಾಣುವ ಬಣ್ಣದ ಚಿತ್ರ ನೋಡಿ ನಿಲ್ಲಬೇಡಿ. ಪಕ್ಕದಿಂದ ಕಾಣುವ ಚಿತ್ರ ನೋಡಿ. ನಿಮಗೆ ಕಾಣುವುದು ಅದು. ನೆಲದ ಮಟ್ಟ ಎಷ್ಟು ಅಂತ ಹುಡುಕಿ. ಸೈಟನ್ನು ಒಂದು ಮೀಟರ್ ಏರಿಸಿ ಅದರ ಮೇಲೆ ನಿಯಮದಷ್ಟೇ ಎತ್ತರದ ಮನೆ ಕಟ್ಟಿದರೂ ನಿಮ್ಮ ಅಂಗಳದಲ್ಲಿ ನಿಂತವರಿಗೆ ಅದು ಒಂದು ಮೀಟರ್ ಹೆಚ್ಚೇ. ನಿಮ್ಮ ಮನೆಯನ್ನು ಸರಿಯಾದ ಜಾಗದಲ್ಲಿ ತೋರಿಸಿದ್ದಾರಾ ಅಂತಲೂ ನೋಡಿ. ವಿಸ್ತರಿಸಿದ ನಿಮ್ಮ ಹಿಂದಿನ ಕೋಣೆ ಅವರ ನಕ್ಷೆಯಲ್ಲಿ ಇಲ್ಲದಿದ್ದರೆ ಬೆಳಕಿನ ಲೆಕ್ಕವೆಲ್ಲ ತಪ್ಪುತ್ತದೆ.

ಈಗ ಬರವಣಿಗೆ. ಸಿಟ್ಟಿನಲ್ಲಿ ಬರೆದ ಪತ್ರ ಹೀಗಿರುತ್ತದೆ: "ಈ ರಾಕ್ಷಸ ಕಟ್ಟಡ ನಮ್ಮ ಬೀದಿಯ ಅಂದವನ್ನೇ ಹಾಳು ಮಾಡುತ್ತದೆ. ಇವರಿಗೆ ದುಡ್ಡಿನ ಸೊಕ್ಕು." ಅಧಿಕಾರಿಗೆ ಇದರಿಂದ ಒಂದೂ ಉಪಯೋಗ ಇಲ್ಲ. ಅದೇ ನೋವನ್ನು ಹೀಗೆ ಹೇಳಿ: "ಹೊಸ ಮನೆಯ ಹಿಂದಿನ ಗೋಡೆ ನಮ್ಮ ಹಿಂದಿನ ಗೋಡೆಗಿಂತ 6 ಮೀಟರ್ ಹೊರಗೆ ಬರುತ್ತದೆ, ಎರಡು ಮಹಡಿ ಎತ್ತರದಲ್ಲಿ, ಗಡಿಯಿಂದ 1 ಮೀಟರ್ ದೂರದಲ್ಲಿ. ನಮ್ಮ ಅಡುಗೆಮನೆಗೆ ಇರುವುದು ಒಂದೇ ಕಿಟಕಿ. ಅದರ ನಡುವಿನಿಂದ ಎಳೆದ 45 ಡಿಗ್ರಿ ಗೆರೆಯನ್ನು ಹೊಸ ಗೋಡೆ ದಾಟುತ್ತದೆ. ಸ್ಥಳೀಯ ಯೋಜನೆಯ ಇಂಥ ನಿಯಮಕ್ಕೆ ಇದು ವಿರುದ್ಧ. ಮೇಲಿನ ಮಹಡಿಯನ್ನು 3 ಮೀಟರ್ ಹಿಂದಕ್ಕೆ ಸರಿಸಿದರೆ ನಮ್ಮ ಆಕ್ಷೇಪಣೆ ಇರುವುದಿಲ್ಲ." ಕೊನೆಯ ವಾಕ್ಯ ಬಹಳ ಮುಖ್ಯ. ಏನಾದರೆ ಒಪ್ಪುತ್ತೀರಿ ಅಂತ ಹೇಳುವವರ ಮಾತನ್ನು ಎಲ್ಲರೂ ಗಂಭೀರವಾಗಿ ಕೇಳುತ್ತಾರೆ.

ಅರ್ಜಿದಾರರ ಜಾತಿ, ಭಾಷೆ, ಹಣ, ಹಿನ್ನೆಲೆಯ ಬಗ್ಗೆ ಒಂದು ಅಕ್ಷರವನ್ನೂ ಬರೆಯಬೇಡಿ. ಅದು ತಪ್ಪು. ಜೊತೆಗೆ ಹೆಚ್ಚಿನ ಕಡೆ ನಿಮ್ಮ ಪತ್ರವನ್ನು ಎಲ್ಲರೂ ಓದಬಹುದು, ಅವರೂ ಓದುತ್ತಾರೆ.

ನೂರು ಜನರ ಸಹಿ ಹಾಕಿಸಿದರೆ ಅರ್ಜಿ ಬಿದ್ದುಹೋಗುತ್ತದಾ?

ಇಲ್ಲ. ಸಹಿ ಎಣಿಸಿ ತೀರ್ಮಾನ ಮಾಡುವುದಿಲ್ಲ. ಒಂದೇ ಕಾರಣವನ್ನು ನೂರು ಜನ ಹೇಳಿದರೂ ಅದು ಒಂದೇ ಕಾರಣ. ತುಂಬಾ ಆಕ್ಷೇಪಣೆ ಬಂದರೆ ಅರ್ಜಿಯನ್ನು ಅಧಿಕಾರಿಯ ಬದಲು ಚುನಾಯಿತ ಸದಸ್ಯರ ಸಮಿತಿ ಕೇಳಬಹುದು ಅನ್ನುವ ನಿಯಮ ಕೆಲವು ಕಡೆ ಇದೆ. ಸಂಖ್ಯೆಯಿಂದ ಸಿಗುವ ಲಾಭ ಅಷ್ಟು.

ಕಟ್ಟುವವನು ನಾನು. ಪಕ್ಕದವರಿಗೆ ಯಾವಾಗ ಹೇಳಲಿ?

ನಕ್ಷೆ ಮುಗಿಯುವ ಮೊದಲು. ಎಲ್ಲ ಮುಗಿಸಿ, ಅರ್ಜಿ ಹಾಕಿ, ಆಮೇಲೆ ತೋರಿಸಿದರೆ ಅದು ಸುಮ್ನೆ ತಿಳಿಸಿದ ಹಾಗೆ. ಪೆನ್ಸಿಲ್ಲಿನ ಕರಡು ಇರುವಾಗಲೇ ಹೋಗಿ. ಅವರ ಮನೆಯೊಳಗೆ ನಿಂತು ನಿಮ್ಮ ಸೈಟನ್ನು ನೋಡಿ. ಇದಕ್ಕಿಂತ ಒಳ್ಳೆಯ ಸಲಹೆ ನನ್ನ ಹತ್ತಿರ ಇಲ್ಲ. ಕಾಗದದಲ್ಲಿ ಕಾಣದ ಕಿಟಕಿ ಅಲ್ಲಿ ಕಾಣುತ್ತದೆ. ಆ ಕಿಟಕಿ ಪಕ್ಕ ದಿನವೆಲ್ಲ ಕೂತಿರುವ ವಯಸ್ಸಾದವರು ಕಾಣುತ್ತಾರೆ.

ಸ್ವಿಟ್ಜರ್ಲೆಂಡಿನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಕಟ್ಟುವ ಮೊದಲೇ ಸೈಟಿನಲ್ಲಿ ಉದ್ದ ಗಳಗಳನ್ನು ನೆಟ್ಟು ಹೊಸ ಮನೆಯ ಮೂಲೆಗಳನ್ನೂ ಚಾವಣಿಯ ಎತ್ತರವನ್ನೂ ತೋರಿಸಬೇಕು. ಕ್ಯಾಲಿಫೋರ್ನಿಯಾದ ಕೆಲವು ಊರುಗಳಲ್ಲೂ ಹೀಗೆ ಮಾಡಿಸುತ್ತಾರೆ. ನಕ್ಷೆ ಓದಲು ಬಾರದವರಿಗೂ ಅರ್ಥವಾಗುತ್ತದೆ. ನಿಮ್ಮಲ್ಲಿ ಕಡ್ಡಾಯ ಇಲ್ಲದಿದ್ದರೂ ನಾಲ್ಕು ಗಳ ನೆಟ್ಟು ಹಗ್ಗ ಕಟ್ಟಿ ಪಕ್ಕದವರನ್ನು ಕರೆಯಿರಿ. "ಇಷ್ಟೇನಾ?" ಅಂತ ಅವರು ನಿರಾಳ ಆಗಬಹುದು. ಅಥವಾ ನಿಮಗೇ "ಅಯ್ಯೋ, ಇದು ಜಾಸ್ತಿಯಾಯಿತು" ಅನ್ನಿಸಬಹುದು.

ಮರ, ನೆಲಮಾಳಿಗೆ, ನೀರು: ಇವುಗಳ ಬಗ್ಗೆ ಯಾರೂ ಮಾತಾಡುವುದಿಲ್ಲವಲ್ಲ?

ಮಾತಾಡಬೇಕು. ಗೋಡೆಯನ್ನು ಹಿಂದೆ ಸರಿಸಬಹುದು, ಕಡಿದ ಮರವನ್ನು ವಾಪಸ್ ತರಲಾಗುವುದಿಲ್ಲ. ಬ್ರಿಟನ್ನಿನ ಮಾನದಂಡದ ಪ್ರಕಾರ ಮರದ ಬೇರನ್ನು ಕಾಪಾಡಲು ಕಾಂಡದ ಅಡ್ಡಗಲದ 12 ಪಟ್ಟು ದೂರದವರೆಗೆ ಅಗೆಯಬಾರದು. ಅರ್ಧ ಮೀಟರ್ ಅಡ್ಡಗಲದ ಮರಕ್ಕೆ ಸುತ್ತ 6 ಮೀಟರ್. ಮರ ನಿಮ್ಮ ಕಡೆ ಇದ್ದರೂ ಬೇರು ಅವರ ಪಾಯದ ಗುಂಡಿಯಲ್ಲಿ ಸಿಗಬಹುದು.

ಮೇಲೆ ಹೋಗಲು ಬಿಡದಿದ್ದರೆ ಜನ ಕೆಳಗೆ ಇಳಿಯುತ್ತಾರೆ. ಲಂಡನ್ನಿನ ಕೆನ್ಸಿಂಗ್ಟನ್ ಮತ್ತು ಚೆಲ್ಸೀ ಆಡಳಿತ ಈ ಕಾಟ ತಡೆಯಲಾಗದೆ 2015ರಲ್ಲಿ ಸಾಮಾನ್ಯವಾಗಿ ಒಂದೇ ಹಂತದ ನೆಲಮಾಳಿಗೆ, ಅದೂ ತೋಟದ ಅರ್ಧಕ್ಕಿಂತ ಹೆಚ್ಚು ಹರಡಬಾರದು ಅಂತ ನಿಯಮ ಮಾಡಿತು. ಇನ್ನು ನೀರು. ಮಣ್ಣಿದ್ದಲ್ಲೆಲ್ಲ ಕಾಂಕ್ರೀಟ್ ಬಂದರೆ ಇಂಗುತ್ತಿದ್ದ ಮಳೆ ಪಕ್ಕದವರ ಅಂಗಳಕ್ಕೆ ಹರಿಯುತ್ತದೆ. ಮಳೆನೀರು ಎಲ್ಲಿ ಹೋಗುತ್ತದೆ ಅಂತ ನಕ್ಷೆಯಲ್ಲಿ ಬಾಣದ ಗುರುತು ಹಾಕಿ ತೋರಿಸಲು ಕೇಳಿ.

ಮನೆಗಳ ಕೊರತೆ ಇರುವಾಗ ಹೊಸ ಮನೆಗೆ ಅಡ್ಡ ಬರುವುದು ಸರಿಯಾ?

ಒಳ್ಳೆಯ ಪ್ರಶ್ನೆ, ಪ್ರಾಮಾಣಿಕವಾಗಿ ಉತ್ತರಿಸಬೇಕು. ತಮಗೆ ಮನೆ ಸಿಕ್ಕ ಮೇಲೆ ಬೇರೆ ಯಾರಿಗೂ ಸಿಗದ ಹಾಗೆ ಬೀದಿಯನ್ನು ಬಂದ್ ಮಾಡುವವರು ಇದ್ದಾರೆ. ಅದು ನ್ಯಾಯವಲ್ಲ. ಆದರೆ ಇಲ್ಲಿ ಲೆಕ್ಕ ನೋಡಿ: ಒಂದು ಮನೆ ಹೋಗಿ ಒಂದು ಮನೆ ಬರುತ್ತದೆ. ಚದರ ಅಡಿ ಹೆಚ್ಚಿತು, ಮನೆಗಳ ಸಂಖ್ಯೆ ಹೆಚ್ಚಲಿಲ್ಲ. ಅಷ್ಟೇ ಅಲ್ಲ, ಕಡಿಮೆ ಬೆಲೆಯ ಸಣ್ಣ ಮನೆಯೊಂದು ಶಾಶ್ವತವಾಗಿ ಹೋಯಿತು.

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರ ಇದಕ್ಕೆ ನೇರ ಉತ್ತರ ಹುಡುಕಿತು. 2020ರಲ್ಲಿ ಒಪ್ಪಿ 2021ರ ಆಗಸ್ಟ್‌ನಲ್ಲಿ ಜಾರಿಗೆ ತಂದ ನಿಯಮದಲ್ಲಿ, ಒಂದು ಸಾಮಾನ್ಯ ವಸತಿ ವಲಯದಲ್ಲಿ ಒಂಟಿ ಮನೆಗೆ ಎಫ್‌ಎಆರ್ 0.5. ಅದೇ ಸೈಟಿನಲ್ಲಿ ಎರಡು ಮನೆ ಮಾಡಿದರೆ 0.6, ಮೂರು ಅಥವಾ ನಾಲ್ಕು ಮಾಡಿದರೆ 0.7. ಹೆಚ್ಚು ಸಂಸಾರಗಳಿಗೆ ಜಾಗ ಕೊಟ್ಟರೆ ಹೆಚ್ಚು ಕಟ್ಟಲು ಬಿಡುತ್ತಾರೆ. ನನ್ನ ಮಟ್ಟಿಗೆ ಇದು ಸರಿಯಾದ ದಾರಿ. ನೀವು ಆಕ್ಷೇಪಣೆ ಬರೆಯುವವರಾದರೆ ನಿಮ್ಮನ್ನೇ ಕೇಳಿಕೊಳ್ಳಿ: ಇದೇ ಗಾತ್ರದಲ್ಲಿ ಎರಡು ಸಂಸಾರ ಬರುವುದಾದರೆ ನಾನು ಒಪ್ಪುತ್ತೇನಾ?

ಅನುಮತಿ ಸಿಕ್ಕೇಬಿಟ್ಟಿತು. ನಾವು ಮೇಲ್ಮನವಿ ಹಾಕಬಹುದಾ?

ದೇಶದ ಮೇಲೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಅರ್ಜಿ ತಿರಸ್ಕಾರವಾದರೆ ಅರ್ಜಿದಾರರು ಮೇಲ್ಮನವಿ ಹಾಕಬಹುದು. ಅನುಮತಿ ಸಿಕ್ಕರೆ ಪಕ್ಕದವರು ಹಾಕುವಂತಿಲ್ಲ. ಉಳಿಯುವುದು ಹೈಕೋರ್ಟ್ ದಾರಿ, 6 ವಾರದೊಳಗೆ. ಕೋರ್ಟ್ ಮನೆ ಚೆನ್ನಾಗಿದೆಯೇ ಅಂತ ನೋಡುವುದಿಲ್ಲ, ಕ್ರಮ ತಪ್ಪಿದೆಯೇ ಅಂತ ಮಾತ್ರ ನೋಡುತ್ತದೆ. ತುಂಬಾ ಖರ್ಚಿನ ದಾರಿ. ಐರ್ಲೆಂಡಿನಲ್ಲಿ ಮೊದಲು ಲಿಖಿತ ಆಕ್ಷೇಪಣೆ ಕೊಟ್ಟವರು 4 ವಾರದೊಳಗೆ ಮೇಲ್ಮನವಿ ಹಾಕಬಹುದು. ಕೊಡದೆ ಸುಮ್ಮನಿದ್ದವರಿಗೆ ಸಾಮಾನ್ಯವಾಗಿ ಆ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ಮೊದಲ ಸುತ್ತಿನಲ್ಲಿ ಸಣ್ಣದಾದರೂ ಒಂದು ಪತ್ರ ಕೊಟ್ಟಿರಿ.

ಇನ್ನೊಂದು ಮಾತು. ಕಟ್ಟಲು ಅನುಮತಿ ಸಿಕ್ಕಿತು ಅಂದರೆ ಬೇರೆ ಹಕ್ಕುಗಳೆಲ್ಲ ಸತ್ತವು ಅಂತ ಅಲ್ಲ. ಇಂಗ್ಲೆಂಡಿನಲ್ಲಿ ಒಂದು ಕಿಟಕಿಗೆ 20 ವರ್ಷ ತಡೆಯಿಲ್ಲದೆ ಬೆಳಕು ಬಂದಿದ್ದರೆ 1832ರ ಕಾಯ್ದೆಯಡಿ ಅದಕ್ಕೆ ಹಕ್ಕು ಹುಟ್ಟಬಹುದು. ಅದು ಪ್ಲಾನಿಂಗ್ ಕಚೇರಿಗೆ ಸಂಬಂಧವೇ ಇಲ್ಲದ ಖಾಸಗಿ ಹಕ್ಕು. ಜಾಗದ ಕ್ರಯಪತ್ರದಲ್ಲಿ "ಇಲ್ಲಿ ಒಂದೇ ಮಹಡಿ" ಅನ್ನುವಂಥ ಹಳೆಯ ಷರತ್ತು ಇದ್ದರೆ ಅದೂ ಬೇರೆಯೇ ನಿಲ್ಲುತ್ತದೆ. ದಾಖಲೆ ತೆಗೆಸಿ ಓದಿ.

ನಕ್ಷೆಯಲ್ಲಿ ತೋರಿಸಿದ್ದಕ್ಕಿಂತ ದೊಡ್ಡದಾಗಿ ಕಟ್ಟಿದರೆ, ಅಥವಾ ಕೆಡವಬಾರದ್ದನ್ನು ಕೆಡವಿದರೆ?

ತಕ್ಷಣ ದೂರು ಕೊಡಿ. ಪಾಯ ಹಾಕುವಾಗಲೇ ಅಳತೆ ನೋಡಿ. ಚಾವಣಿ ಹಾಕಿದ ಮೇಲೆ ಎಲ್ಲರಿಗೂ ಕಷ್ಟ. ಇಂಗ್ಲೆಂಡಿನಲ್ಲಿ ಅನಧಿಕೃತ ಕಟ್ಟಡದ ಮೇಲೆ ಕ್ರಮ ಕೈಗೊಳ್ಳಲು ಮೊದಲು 4 ವರ್ಷದ ಗಡುವು ಇತ್ತು. 2024ರ ಏಪ್ರಿಲ್‌ನಿಂದ ಅದನ್ನು 10 ವರ್ಷ ಮಾಡಿದ್ದಾರೆ. ಆ 4 ವರ್ಷವನ್ನು ದಾಟಲು ಸರೆ ಪ್ರಾಂತ್ಯದಲ್ಲಿ ಒಬ್ಬರು ಹುಲ್ಲಿನ ಪಿಂಡಿಗಳ ಗೋಡೆಯ ಹಿಂದೆ ಕೋಟೆಯಂಥ ಮನೆಯನ್ನೇ ಬಚ್ಚಿಟ್ಟಿದ್ದರು. ಹುಲ್ಲು ತೆಗೆಯುವುದೂ ಕಟ್ಟುವ ಕೆಲಸದ ಭಾಗವೇ, ಹಾಗಾಗಿ ಗಡುವು ಇನ್ನೂ ಮುಗಿದಿಲ್ಲ ಅಂತ ತೀರ್ಮಾನವಾಯಿತು. 2016ರಲ್ಲಿ ಆ ಮನೆಯನ್ನು ಕೆಡವಬೇಕಾಯಿತು.

ಸ್ಯಾನ್‌ಫ್ರಾನ್ಸಿಸ್ಕೋದ ಪ್ರಕರಣ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ವಾಸ್ತುಶಿಲ್ಪಿ ರಿಚರ್ಡ್ ನ್ಯೂಟ್ರಾ ವಿನ್ಯಾಸ ಮಾಡಿದ 1936ರ ಮನೆಯೊಂದಕ್ಕೆ ಮಾರ್ಪಾಡು ಮಾಡಲು ಅನುಮತಿ ಇತ್ತು. ಮನೆಯನ್ನು ಹೆಚ್ಚುಕಡಿಮೆ ಪೂರ್ತಿ ಕೆಡವಿ, ಅಲ್ಲಿ ಬಹಳ ದೊಡ್ಡ ಮನೆಗೆ ಅನುಮತಿ ಕೇಳಿದರು. 2018ರ ಡಿಸೆಂಬರಿನಲ್ಲಿ ನಗರದ ಯೋಜನಾ ಆಯೋಗ, ಕೆಡವಿದ ಮನೆಯ ಪ್ರತಿರೂಪವನ್ನೇ ಮತ್ತೆ ಕಟ್ಟಿ ಅಂತ ಹೇಳಿತು. ಲಂಡನ್ನಿನಲ್ಲಿ 2015ರಲ್ಲಿ ಅನುಮತಿ ಇಲ್ಲದೆ ಕೆಡವಿದ ಕಾರ್ಲ್‌ಟನ್ ಟಾವೆರ್ನ್ ಎಂಬ ಹಳೆಯ ಪಬ್ಬನ್ನು ಹಾಗೆಯೇ ಮತ್ತೆ ಕಟ್ಟಿಸಿದರು. 2021ರಲ್ಲಿ ಅದು ತೆರೆಯಿತು. ಅದು ಸಾಧ್ಯವಾದದ್ದು ಕೆಡವುವ ಮೊದಲೇ ಕಟ್ಟಡವನ್ನು ವಿವರವಾಗಿ ದಾಖಲಿಸಿದ್ದರಿಂದ. ನಿಮ್ಮ ಬೀದಿಯಲ್ಲಿ ನಿಮಗೆ ಬೆಲೆಯುಳ್ಳದ್ದು ಅನ್ನಿಸುವ ಮನೆ ಇದ್ದರೆ ಇವತ್ತೇ ಫೋಟೋ ತೆಗೆದಿಟ್ಟುಕೊಳ್ಳಿ. ಹೆರಿಟೇಜ್ ಪಟ್ಟಿಗೆ ಸೇರಿಸಲು ಅರ್ಜಿ ಕೊಡಿ. ಮಾರಾಟದ ಬೋರ್ಡ್ ಬಿದ್ದ ಮೇಲೆ ಓಡಾಡುವುದು ತಡವಾಗುತ್ತದೆ.

ಕೆಲಸ ಶುರುವಾಗುತ್ತಿದೆ. ಪಕ್ಕದ ಮನೆಯವರಾಗಿ ನಾವೇನು ಮಾಡಿಕೊಳ್ಳಬೇಕು?

ಕೆಡವುವ ಮೊದಲು ನಿಮ್ಮ ಮನೆಯ ಪ್ರತಿ ಗೋಡೆ, ಚಾವಣಿ, ನೆಲದ ಫೋಟೋ ತೆಗೆಯಿರಿ. ಈಗಾಗಲೇ ಇರುವ ಬಿರುಕಿನ ಪಕ್ಕ ಸ್ಕೇಲ್ ಹಿಡಿದು ದಿನಾಂಕ ಸಮೇತ ತೆಗೆಯಿರಿ. ಅವರಿಗೂ ಒಂದು ಪ್ರತಿ ಕೊಡಿ. ಮುಂದೆ ಹೊಸ ಬಿರುಕು ಬಂದರೆ ಯಾರದ್ದು ಅನ್ನುವ ಜಗಳವೇ ಇರುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪಾರ್ಟಿ ವಾಲ್, ಅಂದರೆ ಎರಡು ಮನೆಗಳ ನಡುವಿನ ಜಂಟಿ ಗೋಡೆಯ ಬಗ್ಗೆ, 1996ರ ಕಾಯ್ದೆ ಇದೆ. ನಿಮ್ಮ ಕಟ್ಟಡದಿಂದ 3 ಮೀಟರ್ ಒಳಗೆ, ನಿಮ್ಮ ಪಾಯಕ್ಕಿಂತ ಆಳ ಅಗೆಯುವುದಾದರೆ ಒಂದು ತಿಂಗಳ ಮೊದಲೇ ನೋಟಿಸ್ ಕೊಡಬೇಕು. ಜಂಟಿ ಗೋಡೆಯ ಕೆಲಸಕ್ಕೆ ಎರಡು ತಿಂಗಳು.

ಹಳೆ ಮನೆಯ ಚಾವಣಿಯಲ್ಲಿ ಕಲ್ನಾರು ಶೀಟ್ ಇದೆಯೇ ಅಂತ ಕೇಳಿ. ಇದ್ದರೆ ಒಡೆಯದೆ, ತಿಳಿದವರಿಂದಲೇ ತೆಗೆಸಬೇಕು. ಅದರ ನಾರು ಶ್ವಾಸಕೋಶಕ್ಕೆ ಹೋದರೆ ಹತ್ತಾರು ವರ್ಷದ ಮೇಲೂ ಕ್ಯಾನ್ಸರ್ ತರಬಲ್ಲದು. ಕೆಲಸದ ಹೊತ್ತು, ಲಾರಿ ನಿಲ್ಲುವ ಜಾಗ, ಧೂಳಿಗೆ ನೀರು ಚಿಮುಕಿಸುವುದು ಇವನ್ನೆಲ್ಲ ಅನುಮತಿಯ ಷರತ್ತಿನಲ್ಲೇ ಸೇರಿಸಲು ಮೊದಲೇ ಕೇಳಿದ್ದರೆ ಒಳ್ಳೆಯದು. ಕೇಳಿರದಿದ್ದರೆ ಕಟ್ಟುವವರ ಹತ್ತಿರ ಮೇಸ್ತ್ರಿಯ ಫೋನ್ ನಂಬರ್ ತೆಗೆದುಕೊಳ್ಳಿ.

ಜಗಳ ಆಗಿಯೇ ಹೋಗಿದೆ. ಮಾತೇ ನಿಂತಿದೆ. ಇನ್ನೇನು ದಾರಿ?

ಇಬ್ಬರಿಗೂ ಗೊತ್ತಿರುವ, ಇಬ್ಬರೂ ನಂಬುವ ಒಬ್ಬರನ್ನು ಕರೆಯಿರಿ. ಅದು ಬೀದಿಯ ಹಿರಿಯರಾಗಿರಬಹುದು, ಮಧ್ಯಸ್ಥಿಕೆಯ ತರಬೇತಿ ಪಡೆದವರಾಗಿರಬಹುದು. ನಕ್ಷೆಯನ್ನು ಮೇಜಿನ ಮೇಲೆ ಹರಡಿ. ಹಿಂದೆ ಯಾರು ಯಾರಿಗೆ ಏನಂದರು ಅನ್ನುವುದನ್ನು ಅವತ್ತು ಎತ್ತಬೇಡಿ. ಪಕ್ಕದವರು ತಮಗೆ ಮುಖ್ಯವಾದ ಎರಡೇ ವಿಷಯ ಹೇಳಲಿ. ಕಟ್ಟುವವರು ತಮಗೆ ಬಿಡಲಾಗದ ಎರಡೇ ವಿಷಯ ಹೇಳಲಿ. ಆ ಎರಡು ಪಟ್ಟಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯದೆ ಇರುವುದು ಎಷ್ಟೋ ಸಲ ಆಗ ಗೊತ್ತಾಗುತ್ತದೆ. ಒಬ್ಬರಿಗೆ ಬೇಕಿರುವುದು ಕೆಳಗೆ ಅಮ್ಮನಿಗೊಂದು ಕೋಣೆ; ಇನ್ನೊಬ್ಬರಿಗೆ ಬೇಡವಾಗಿರುವುದು ಮೇಲಿನ ಮಹಡಿಯ ಹಿಂದಿನ ಬಾಲ್ಕನಿ. ಒಪ್ಪಿದ್ದನ್ನು ನಕ್ಷೆಯ ಮೇಲೇ ಬರೆದು ಇಬ್ಬರೂ ಸಹಿ ಹಾಕಿ. ತಿದ್ದಿದ ನಕ್ಷೆಯನ್ನು ಕಟ್ಟುವವರು ಕಚೇರಿಗೆ ಕೊಡಲಿ. ಅದು ದಾಖಲಾದ ಮೇಲೆಯೇ ಪಕ್ಕದವರು ಆಕ್ಷೇಪಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿ.